ಐದನೇ ರಿಂಗಿನೊಳಗೆ

ಮಡಿಕೇರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಜೊತೆಗೆ ಚೀಟಿ ಬರೆಯಬೇಕು, ಬಿಲ್ ಹಾಕಬೇಕು, ಚಿಲ್ಲರೆಗೆ ಪರದಾಡಬೇಕು. ಶುಕ್ರವಾರ, ಸಂತೆ ದಿನ, ಫೋನ್ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಎದುರಿಗೆ ನಿಂತವರನ್ನು ಬಿಟ್ಟು ಹೇಗೆ ಎತ್ತಲಿ ಎಂದು ಸುಮ್ಮನಿರುತ್ತಿದ್ದೆ.

ಒಂದು ಜುಲೈ, ಜಡಿಮಳೆ. ಭಾಗಮಂಡಲದ ಕಡೆಯಿಂದ ಅಜ್ಜಿಯೊಬ್ಬರು 40 ಕಿ.ಮೀ. ಹತ್ತಿರ ಬಸ್ಸಿನಲ್ಲಿ ಬಂದರು. ಅಂದು ಮೂಳೆ ಡಾಕ್ಟ್ರು ರಜೆ. "ನಿನ್ನೆ ನಾಲ್ಕು ಸಲ ಮಾಡಿದೆ ಮಗಾ, ಯಾರೂ ಎತ್ಲಿಲ್ಲ. ಮನೇಲಿ ನೆಟ್‌ವರ್ಕ್ ಸಿಗಲ್ಲ, ತೋಟದ ದಿಣ್ಣೆ ಹತ್ಬೇಕು" ಎಂದರು. ಮಂಡಿನೋವಿಗೆ ಬಂದವರು.

ಆಮೇಲೆ ಲೆಕ್ಕ ಇಡಲು ಶುರು ಮಾಡಿದೆ. ಲ್ಯಾಂಡ್‌ಲೈನಿನ ಒಂದು ಟ್ರಿಣ್-ಟ್ರಿಣ್, ಆಮೇಲಿನ ಮೌನವೂ ಸೇರಿ, 3 ಸೆಕೆಂಡ್. ಐದು ರಿಂಗಿಗೆ 15. ಅಷ್ಟರೊಳಗೆ ಎತ್ತಬೇಕು ಎಂದುಕೊಂಡೆ. ಕಾಲ್ ಸೆಂಟರ್‌ಗಳಲ್ಲಿ ನೂರಕ್ಕೆ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕೆನ್ನುವುದು ರೂಢಿ. ಅಲ್ಲಿನವರಿಗೆ ಚಿಲ್ಲರೆ ಹುಡುಕುವ ಕಷ್ಟವಿಲ್ಲ ಬಿಡಿ.

ಒಂದು ವಾರ ನೋಟ್‌ಬುಕ್ಕಿನ ಹಿಂದೆ ಗೀಟು ಹಾಕಿದಾಗ ಗೊತ್ತಾಯಿತು: ಹೆಚ್ಚಿನವರು ಕೇಳುವುದು ಒಂದೇ, ಡಾಕ್ಟ್ರು ಇದ್ದಾರಾ, ಎಷ್ಟು ಗಂಟೆವರೆಗೆ? ಅದಕ್ಕೆ ನಾನು "ಒಂದ್ನಿಮಿಷ" ಎಂದು ರಿಸೀವರ್ ಮೇಜಿನ ಮೇಲಿಟ್ಟು, ಒಳಗೆ ಹೋಗಿ ಸಿಸ್ಟರನ್ನು ಕೇಳಿ ಬರುತ್ತಿದ್ದೆ. ಹೊತ್ತು ಹೋಗುತ್ತಿದ್ದುದು ಅಲ್ಲಿ. ಅಷ್ಟರಲ್ಲಿ ಇನ್ನೊಂದು ಕರೆ ಬಂದರೆ ಅದಕ್ಕೆ ಎಂಗೇಜ್. ಈಗ ಬೆಳಿಗ್ಗೆ 8ಕ್ಕೇ ಯಾರಿದ್ದಾರೆ, ಯಾರಿಲ್ಲ ಎಂದು ಬರೆದ ಹಾಳೆ ಫೋನಿನ ಪಕ್ಕ ಅಂಟಿರುತ್ತದೆ. ಮೊದಲು ಊರು, ನಂಬರ್ ಕೇಳುತ್ತೇನೆ; ಮಳೆಗಾಲದಲ್ಲಿ ಮಾತಿನ ನಡುವೆಯೇ ಲೈನ್ ಹೋಗುತ್ತದೆ, ತಿರುಗಿ ಮಾಡಬೇಕಲ್ಲ. ತಪ್ಪಿಹೋದ ನಂಬರುಗಳಿಗೆ 11ಕ್ಕೊಮ್ಮೆ, 4ಕ್ಕೊಮ್ಮೆ ಮಾಡುತ್ತೇನೆ. ಎದೆನೋವು, ಉಸಿರಾಟ ಎಂದರೆ ಮಾತ್ರ ಹಾಳೆ, ನಂಬರ್ ಏನೂ ಇಲ್ಲ. ಕಾರ್ಡ್‌ಲೆಸ್ ಸೀದಾ ಡ್ಯೂಟಿ ಸಿಸ್ಟರ್ ಕೈಗೆ, ನಾನು ನನ್ನ ಮೊಬೈಲಿನಿಂದ 108ಕ್ಕೆ.

ನಡುವೆ ಒಬ್ಬರು "ಕನ್ನಡಕ್ಕೆ ಒಂದು ಒತ್ತಿ" ಎನ್ನುವ ಮಿಷನ್ ಮಾರಲು ಬಂದಿದ್ದರು. ಮೊದಲ ರಿಂಗಿಗೇ ಎತ್ತುತ್ತದಂತೆ. ಮೂಳೆ ಡಾಕ್ಟ್ರು ರಜೆ ಎಂದು ಅದಕ್ಕೆ ಯಾರು ಹೇಳುತ್ತಾರೆ ಎಂದೆ. ಬ್ಯಾಗು ಮುಚ್ಚಿದರು.

ಶುಕ್ರವಾರ 11ರಿಂದ 1ರವರೆಗೆ ಈಗಲೂ ಐದನೇ ರಿಂಗ್ ದಾಟುತ್ತದೆ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿದ್ದೇನೆ. ಮಳೆಗಾಲ ಕಳೆಯಲಿ ಎಂದಿದ್ದಾರೆ.