ಕಾದಂಬರಿಗೂ ಅರ್ಥ ಹೇಳಬಹುದು: ನನ್ನ ಅನುಭವ

"ಇದೆಲ್ಲ ವಾಲಿಗೆ, ಕರ್ಣನಿಗೆ ಸರಿ ಮಾರಾಯ್ರೆ. ಕಾದಂಬರಿಗೆ ಆಗುವ ಕೆಲಸ ಅಲ್ಲ." ಮೂರು ವರ್ಷದ ಹಿಂದೆ ನನಗೆ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ತಾಳಮದ್ದಲೆಯಲ್ಲಿ ವೇಷ ಇಲ್ಲದೆ ಕೂತು ಪುರಾಣದ ಪಾತ್ರವೇ ಆಗಿ ವಾದ ಮಾಡುತ್ತಾರಲ್ಲ, ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಕಾದಂಬರಿಯ ಪಾತ್ರಗಳಿಗೂ ಹಾಗೇ ಮಾಡೋಣ ಅಂದಿದ್ದೆ, ಅಷ್ಟೆ. ಕಳೆದ ಆಷಾಢದಲ್ಲಿ ಹೊರಗೆ ಜಡಿಮಳೆ, ನಮ್ಮ ಜಗಲಿಯಲ್ಲಿ ಮೂವತ್ತಕ್ಕೂ ಜಾಸ್ತಿ ಜನ. ಒಂದು ಕಾದಂಬರಿಯ ಪಾತ್ರಗಳ ಮೇಲೆ ರಾತ್ರಿ ಹತ್ತೂವರೆ ತನಕ ವಾದ ನಡೆಯಿತು. ಅಂದು ಆಗಲ್ಲ ಅಂದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಂದಾಪುರದವನು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕತೆ ಅಂದರೆ ಪ್ರಾಣ. ಓದಿದ ಪಾತ್ರದ ಬಗ್ಗೆ ಯಾರ ಹತ್ತಿರವಾದರೂ ಮಾತಾಡದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾಗೆ ಶುರುವಾದದ್ದು ನಮ್ಮ ತಿಂಗಳ ಓದಿನ ಬಳಗ. ಮೊದಲ ಸಲ ಹತ್ತೊಂಬತ್ತು ಜನ ಬಂದಿದ್ದರು. ಆರನೇ ತಿಂಗಳಿಗೆ ನಾಲ್ಕು.

ಯಾಕೆ ಕಡಿಮೆಯಾಯಿತು ಅಂತ ಬಳಗ ನಡೆಸಿದವರಿಗೆ ಗೊತ್ತೇ ಇರುತ್ತದೆ. ಒಬ್ಬರು "ಆ ಪಾತ್ರ ನನಗೆ ತುಂಬಾ ಇಷ್ಟ" ಅನ್ನುತ್ತಾರೆ, ಇನ್ನೊಬ್ಬರು "ನನಗೆ ಆಗಲ್ಲ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಜಗಳ. ಒಂದು ಸಲ ದೂರದಿಂದ ಅತಿಥಿಗಳನ್ನು ಕರೆಸಿದೆ. ಬಸ್ ಖರ್ಚು, ಶಾಲು, ಹಣ್ಣು, ಊಟ ಸೇರಿ ಸುಮಾರು 2,000 ರೂಪಾಯಿ. ಅವರು ಒಂದೂಕಾಲು ಗಂಟೆ ಚೆನ್ನಾಗಿಯೇ ಮಾತಾಡಿದರು. ನಮ್ಮವರು ಬಾಯಿ ಬಿಡಲಿಲ್ಲ. ಇನ್ನೊಂದು ತಿಂಗಳು ಪಾತ್ರಗಳಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಡಿಸಿದೆ. ಅದು ಜಾತಿಯ ಜಗಳಕ್ಕೆ ತಿರುಗಿತು, ಇಬ್ಬರು ಇವತ್ತಿಗೂ ಬರುತ್ತಿಲ್ಲ. ಆ ಮೇಲೆ ಬಾಡಿಗೆ ಹಾಲ್‌ನವರು ತಿಂಗಳಿಗೆ 600 ಇದ್ದದ್ದನ್ನು ಒಂದೇ ಸಲ ಸಾವಿರಕ್ಕೆ ಏರಿಸಿದರು. ಬಳಗ ಮುಚ್ಚುವುದು ಅಂತಲೇ ತೀರ್ಮಾನ ಮಾಡಿದ್ದೆ.

ಆಗ ಮಳೆಗಾಲ. ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿ ಆಗಿತ್ತು, ಅಲ್ಲಲ್ಲಿ ತಾಳಮದ್ದಲೆ ಕೂಟ ನಡೆಯುತ್ತಿತ್ತು. ಒಂದು ಮನೆಯಲ್ಲಿ 'ವಾಲಿವಧೆ' ಇತ್ತು, ಹೋಗಿದ್ದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಬಗ್ಗೆ ಹಿರಿಯರು ಇವತ್ತಿಗೂ ಹೇಳುತ್ತಾರಲ್ವಾ, ಆ ದಿನ ಅರ್ಥ ಹೇಳಿದವರು ಅಷ್ಟು ದೊಡ್ಡವರೇನಲ್ಲ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳಿದಾಗ ರಾಮನ ಪಾತ್ರದವರು ಒಂದು ಕ್ಷಣ ತಡವರಿಸಿದರು. ಇಡೀ ಚಾವಡಿ ಮುಂದಕ್ಕೆ ಬಾಗಿತು. ಈ ಪ್ರಶ್ನೆ ಅಲ್ಲಿದ್ದ ಎಲ್ಲರೂ ಇಪ್ಪತ್ತು ಸಲ ಕೇಳಿದ್ದೇ. ಆದರೂ ಬಾಗಿದರು. ಅಲ್ಲಿ ಯಾರೂ ವಾಲಿಯ *ಬಗ್ಗೆ* ಮಾತಾಡುತ್ತಿರಲಿಲ್ಲ, ವಾಲಿಯೇ ಮಾತಾಡುತ್ತಿದ್ದ. ನಮ್ಮ ಬಳಗದಲ್ಲೂ ಕಾದಂಬರಿಗೆ ಹೀಗೇ ಅರ್ಥ ಹೇಳಿಸುವುದು ಅಂತ ಮನೆಗೆ ಬರುವಾಗ ನಿರ್ಧಾರ ಆಗಿತ್ತು.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಅದನ್ನು ಹೇಳಲೇಬೇಕು. ಆರಿಸಿದ್ದು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ', 1965ರದ್ದು. ಅಗ್ರಹಾರದಲ್ಲಿ ಬ್ರಾಹ್ಮಣ್ಯದ ಆಚಾರವನ್ನೆಲ್ಲ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು ಅನ್ನುವುದೇ ಪ್ರಶ್ನೆ. ವಾದಕ್ಕೆ ಇದಕ್ಕಿಂತ ಬೇಕೆ? ಉತ್ಸಾಹದಲ್ಲಿ ಪದ್ಯ ಹಾಡುವ ಭಾಗವತರು, ಮದ್ದಲೆ, ಪದ್ಯ ಬರೆಯುವವರು ಎಲ್ಲರನ್ನೂ ಒಪ್ಪಿಸಿದೆ. 3,500ರಷ್ಟು ಖರ್ಚಾಯಿತು. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರ ಪಾತ್ರಕ್ಕೆ ಪಳಗಿದ ಅರ್ಥಧಾರಿಯೊಬ್ಬರನ್ನೇ ಕೂರಿಸಿದೆ. ಅವರ ಪೀಠಿಕೆಯೇ ನಲವತ್ತು ನಿಮಿಷ. ಉಪನಿಷತ್ತು ಬಂತು, ಗೀತೆ ಬಂತು, ಚಪ್ಪಾಳೆಯೂ ಬಂತು. ಆದರೆ ಕಾದಂಬರಿಯ ಪ್ರಾಣೇಶಾಚಾರ್ಯರು ಮಾತ್ರ ಬರಲಿಲ್ಲ. ಪುಸ್ತಕದಲ್ಲಿ ಆ ಮನುಷ್ಯ ಗ್ರಂಥ ಹುಡುಕಿ ಉತ್ತರ ಸಿಗದೆ ಮಾರುತಿಯ ಮುಂದೆ ಪ್ರಸಾದಕ್ಕೆ ಕಾದು, ಅದೂ ಆಗದೆ ಸೋತವರು. ಇಲ್ಲಿ ಕೂತವರಿಗೆ ಸೋಲೇ ಗೊತ್ತಿರಲಿಲ್ಲ.

ಅಲ್ಲಿಂದ ಕಲಿತದ್ದು ಮೂರು. ಹಾಡು, ಮದ್ದಲೆ ಬೇಡ. ಒಬ್ಬರಿಗೆ ಒಂದು ಸಲಕ್ಕೆ ಏಳು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಮೂರನೆಯದೇ ಮುಖ್ಯ: ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದರೆ ಎದುರಿನವರು "ಪುಟ?" ಅಂತ ಕೇಳಬಹುದು. ಪುಟ ತೋರಿಸಲಾಗದಿದ್ದರೆ ಆ ಮಾತು ವಾಪಸ್.

ಪುಟದ ನಿಯಮದಲ್ಲೂ ಪೆಟ್ಟು ತಿಂದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣ, ಯಾರ ಪುಟವೂ ಯಾರಿಗೂ ತಾಳೆಯಾಗುವುದಿಲ್ಲ. ಅರ್ಧ ಸಂಜೆ ಪುಟ ಹುಡುಕುವುದರಲ್ಲೇ ಹೋಯಿತು. ಕೊನೆಗೆ ಒಂದೇ ಮುದ್ರಣದ ಹತ್ತು ಪ್ರತಿ ನಾನೇ ಕೊಂಡೆ. ಹೆಂಡತಿ "ಈ ತಿಂಗಳ ಗ್ಯಾಸಿಗೆ ಇಟ್ಟ ದುಡ್ಡು ಎಲ್ರೀ?" ಅಂದಳು. ನಿಜಕ್ಕೂ ಅದೇ ದುಡ್ಡು. ಮೊದಲ ವರ್ಷ ನನ್ನ ಕೈಯಿಂದ ಹೋದದ್ದು ಒಟ್ಟು ಹನ್ನೊಂದು ಹನ್ನೆರಡು ಸಾವಿರ ಇರಬೇಕು.

ಇನ್ನೊಂದು ನಿಯಮ ಆಮೇಲೆ ಸೇರಿತು, ಬಳಗ ಉಳಿದದ್ದು ಅದರಿಂದಲೇ. ಯಾರಿಗೆ ಯಾವ ಪಾತ್ರ ಕಂಡರೆ ಆಗುವುದಿಲ್ಲವೋ ಅವರೇ ಆ ಪಾತ್ರ ವಹಿಸಬೇಕು.

ಎರಡನೇ ಸಲವೂ 'ಸಂಸ್ಕಾರ'ವನ್ನೇ ಹಿಡಿದೆ. ಅದರಲ್ಲಿ ನಾರಣಪ್ಪನ ಜೊತೆ ಬಾಳಿದವಳು ಚಂದ್ರಿ. ನಮ್ಮಲ್ಲಿ ಒಬ್ಬರು ನಿವೃತ್ತ ಹೆಡ್ ಮೇಷ್ಟ್ರು ಇದ್ದಾರೆ. "ಚಂದ್ರಿ ಪಾತ್ರವೇ ಅಲ್ಲ, ಆಚಾರ್ಯರ ಕತೆ ಮುಂದೆ ಹೋಗಲಿಕ್ಕೆ ಲೇಖಕರು ಇಟ್ಟ ಮೆಟ್ಟಿಲು" ಅನ್ನುವುದು ಅವರ ವಾದ. ಅವರನ್ನೇ ಚಂದ್ರಿಯಾಗಿ ಕೂರಿಸಿದೆ. ಆಚಾರ್ಯರನ್ನು ಹೇಡಿ ಅನ್ನುತ್ತಿದ್ದ ನರ್ಸ್ ಒಬ್ಬರಿಗೆ ಆಚಾರ್ಯರ ಪಾತ್ರ.

ಮೇಷ್ಟ್ರು ಹದಿನೈದು ದಿನ ಪುಸ್ತಕ ಬಿಡಲಿಲ್ಲ. ಪುಟದ ತುದಿಗೆಲ್ಲ ಬಸ್ ಟಿಕೆಟ್ ಚೂರು ಅಂಟಿಸಿಕೊಂಡು ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಬೈರಾಸು. ಚಂದ್ರಿಯ ಪೀಠಿಕೆ ಅಂತ ಶುರು ಮಾಡಿದವರು ಎರಡೇ ನಿಮಿಷಕ್ಕೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಿಧಾನಕ್ಕೆ ಹೇಳಿದರು: "ನನಗೆ ಮಾತು ಜಾಸ್ತಿ ಕೊಟ್ಟಿಲ್ಲ. ಕೆಲಸ ಕೊಟ್ಟಿದ್ದಾರೆ. ಖರ್ಚಿಗೆ ಅಂತ ಮೈಮೇಲಿನ ಚಿನ್ನ ತೆಗೆದಿಟ್ಟವಳು ನಾನು. ನೀವೆಲ್ಲ ಕೂತು ಚರ್ಚೆ ಮಾಡಿದಿರಿ, ಅಹಮದ್ ಬ್ಯಾರಿಯನ್ನು ಕರೆದು ಹೆಣ ಸುಡಿಸಿದವಳೂ ನಾನೇ."

ಆಚಾರ್ಯರ ಪಾತ್ರದ ನರ್ಸ್ ಬಿಡಲಿಲ್ಲ. "ಸುಟ್ಟದ್ದನ್ನು ನನಗೊಂದು ಮಾತು ಹೇಳದೆ ಯಾಕೆ ಹೋದೆ? ಹೇಳಿದ್ದರೆ ನನ್ನ ಅಲೆದಾಟ ತಪ್ಪುತ್ತಿತ್ತು."

"ಹೇಳಿದ್ದರೆ ಆಚಾರ್ಯರೇ, ನೀವು ಮತ್ತೆ ಗ್ರಂಥ ತೆಗೆಯುತ್ತಿದ್ದಿರಿ."

ಯಾರೂ "ಪುಟ?" ಅನ್ನಲಿಲ್ಲ. ಈ ಮಾತು ಪುಸ್ತಕದಲ್ಲಿ ಇಲ್ಲ, ಆದರೆ ಪುಸ್ತಕದಿಂದಲೇ ಹುಟ್ಟಿದ್ದು ಅಂತ ಎಲ್ಲರಿಗೂ ಗೊತ್ತಾಗಿತ್ತು. ಹಿಂದಿನ ಸಾಲಿನಿಂದ ಒಬ್ಬರು "ಎಷ್ಟಂದರೂ ನಮ್ಮೂರಿನವಳಲ್ದಾ!" ಅಂದರು. ಹೌದು, ನಾರಣಪ್ಪ ಅವಳನ್ನು ಕರೆತಂದದ್ದು ಕುಂದಾಪುರದಿಂದ, ಅವಳು ಹಿಂದಿರುಗುವುದೂ ಇಲ್ಲಿಗೇ. ಆಮೇಲೆ ಪಾತ್ರ ಬಿಟ್ಟು ಚರ್ಚೆ ಶುರುವಾಯಿತು. ಚಂದ್ರಿಗೆ ಒಳಗಿನ ಮಾತು ಕಡಿಮೆ ಕೊಟ್ಟದ್ದು ಲೇಖಕರ ಕೊರತೆಯೋ ಅಥವಾ ಮಾತಾಡುವವರು, ಮಾಡುವವರು ಅಂತ ಬೇಕೆಂದೇ ಎರಡು ಭಾಗ ಮಾಡಿದ್ದೋ? ಮೇಷ್ಟ್ರು ಈಗಲೂ ಕೊರತೆ ಅಂತಲೇ ಹೇಳುತ್ತಾರೆ. ಆದರೆ ಮೆಟ್ಟಿಲು ಅನ್ನುವ ಮಾತು ಬಿಟ್ಟಿದ್ದಾರೆ. ನನ್ನ ಪ್ರಕಾರ ಅದು ಬೇಕೆಂದೇ ಬರೆದದ್ದು. ಈ ವಿಷಯದಲ್ಲಿ ನಾನು ಮೇಷ್ಟ್ರಿಗೆ ಸೋಲುವವನಲ್ಲ.

ಅದರ ನಂತರ ಕಾರಂತರ 'ಚೋಮನ ದುಡಿ' ಮಾಡಿದೆವು. 1933ರ ಪುಸ್ತಕ, ಹೈಸ್ಕೂಲ್ ಹುಡುಗಿಯರೂ ಬಂದರು. ಚೋಮನಾಗಿ ಕೂತವರನ್ನು ಬೆಳ್ಳಿಯ ಪಾತ್ರದ ಹುಡುಗಿ ಕೇಳಿದಳು: "ಅಪ್ಪಾ, ದುಃಖ ಬಂದರೆ ನಿನಗೆ ದುಡಿ ಇದೆ. ನನಗೆ ಏನಿದೆ?" ತೋಟದ ಸಾಲ ತೀರಿದ್ದು ಬೆಳ್ಳಿಯಿಂದ, ಹೆಸರು ಮಾತ್ರ ಚೋಮನ ದುಡಿಗೆ. ನಾನು ಆ ಪುಸ್ತಕ ನಾಲ್ಕು ಸಲ ಓದಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಪಾತ್ರ ತಾನೇ ಆಡಿದ್ದಕ್ಕೆ ಕೆಂಪು, ಬೇರೆಯವರು ಅದರ ಬಗ್ಗೆ ಆಡಿದ್ದಕ್ಕೆ ನೀಲಿ ಗೆರೆ ಹಾಕಿ ನೋಡಿ. ನಾರಣಪ್ಪ ಪೂರ್ತಿ ನೀಲಿ. ಕೆಂಪು ಬಂದರೂ ಅದು ಇನ್ನೊಬ್ಬರ ನೆನಪಿನ ಒಳಗೆ. ಸತ್ತವನೊಬ್ಬ ಇಡೀ ಕಾದಂಬರಿಯನ್ನು ಆಳುವುದು ಹೇಗೆ ಅಂತ ಆ ಗೆರೆ ನೋಡಿದಾಗಲೇ ನನಗೆ ಗೊತ್ತಾದದ್ದು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಒಬ್ಬ ಪಿಯುಸಿ ಹುಡುಗ ಕಿವಿ ನಾಯಿಯ ಪಾತ್ರ ಬೇಕು ಅಂತ ಹಠ ಮಾಡಿದ. ನಾಯಿ ಕಂಡದ್ದನ್ನು ಮಾತ್ರ ಹೇಳಬೇಕು ಅಂತ ಷರತ್ತು ಹಾಕಿ ಬಿಟ್ಟೆ. ಚೆನ್ನಾಗಿ ಬಂತು, ಹಳ್ಳಿಯ ಹುಡುಗ ಮಂದಣ್ಣನ ಮೇಲೆ ಕತೆ ಹೇಳುವವರಿಗೆ ಇರುವ ಅಸಡ್ಡೆ ನಾಯಿಗೆ ಇಲ್ಲ ಅನ್ನುವುದು ಎದ್ದು ಕಂಡಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಮಾತ್ರ ಕೈಕೊಟ್ಟಿತು. ಫೋನ್ ಕಂಡ ಕೂಡಲೇ ಎಲ್ಲರೂ ಭಾಷಣದ ದನಿಗೆ ಹೋಗುತ್ತಾರೆ. ಟಿವಿ ಧಾರಾವಾಹಿಯ ಅತ್ತೆ ಪಾತ್ರವನ್ನೂ ಎತ್ತಿಕೊಂಡೆವು, ಅದೂ ನಿಲ್ಲಲಿಲ್ಲ. ಅಲ್ಲಿ ಪುಟ ಇಲ್ಲ, ಮೂರು ತಿಂಗಳಿಗೆ ಅತ್ತೆಯ ಸ್ವಭಾವವೇ ಬದಲಾಗಿರುತ್ತದೆ.

ಈಗ ಖರ್ಚು ತಿಂಗಳಿಗೆ ಏಳುನೂರರ ಆಸುಪಾಸು. ಹಾಲ್ ಇಲ್ಲ, ನಮ್ಮ ಜಗಲಿಯೇ. ಚಹಾ, ಗೋಳಿಬಜೆ ಇರುತ್ತದೆ. ಬಂದವರು ಡಬ್ಬಿಗೆ 40 ರೂಪಾಯಿ ಹಾಕುತ್ತಾರೆ, ಉಳಿದದ್ದು ಪುಸ್ತಕಕ್ಕೆ. ಬೈಂದೂರಿನಿಂದ, ಬ್ರಹ್ಮಾವರದಿಂದ ಬರುವವರಿದ್ದಾರೆ. ಎರಡು ಊರಿನವರು ಇದೇ ರೀತಿ ಶುರು ಮಾಡಿದ್ದಾರೆ, ನಿಯಮದ ಹಾಳೆ ನನ್ನಿಂದಲೇ ತೆಗೆದುಕೊಂಡು ಹೋದರು.

ಎರಡು ವಿಷಯ ಆ ಹಾಳೆಯಲ್ಲಿ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ. ಒಂದು, ಯಾರಿಗೆ ಯಾವ ಪಾತ್ರ ಆಗುವುದಿಲ್ಲ ಅಂತ ಅವರಿಗೆ ಗೊತ್ತಾಗದ ಹಾಗೆ ತಿಳಿದುಕೊಳ್ಳುವುದು. ಇನ್ನೊಂದು, ವಾದ ಸೊರಗಿದಾಗ ನಾನು ಚೀಟಿಯಲ್ಲಿ ಬರೆದು ದಾಟಿಸುವ ಒಂದು ಪ್ರಶ್ನೆ. ಎಲ್ಲ ಪುಸ್ತಕಕ್ಕೂ ಒಂದೇ ಪ್ರಶ್ನೆ. ಕೂಟಕ್ಕೆ ಬಂದವರಿಗೆ ಅದು ತಾನಾಗಿಯೇ ತಿಳಿಯುತ್ತದೆ.

ಮುಂದಿನ ತಿಂಗಳು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಕತೆ ಹೇಳುವವನ ಹೆಂಡತಿ ಅನಿತಾ ಊರಿಗೆ ಹೋದವಳು ಇನ್ನೂ ಬಂದಿಲ್ಲ, ಅವಳನ್ನು ನಾವು ಕಾಣುವುದೆಲ್ಲ ಅವನ ಮಾತಿನಲ್ಲೇ. ಎಂಟು ಪ್ರತಿ ತರಿಸಿ ಬೈಂಡ್ ಹಾಕಿಸಿ ಇಟ್ಟಿದ್ದೇನೆ. "ಅನಿತಾಗೆ ಹೊಂದಿಕೊಂಡು ಹೋಗಲಿಕ್ಕೆ ಏನಾಗಿತ್ತು?" ಅಂತ ಮೊನ್ನೆ ಒಬ್ಬರು ಪೇಟೆಯಲ್ಲಿ ಸಿಕ್ಕಾಗ ಕೇಳಿದರು. ಅವಳ ಪಾತ್ರ ಅವರದ್ದೇ. ಇನ್ನೂ ಹೇಳಿಲ್ಲ.