ಎಟ್ನಾ ಬೆಟ್ಟಕ್ಕೆ ಒಂದು ಪ್ರದಕ್ಷಿಣೆ

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗುವವರೆಲ್ಲ ಎಟ್ನಾ ಜ್ವಾಲಾಮುಖಿ ಅಂದ ಕೂಡಲೇ ಕೇಬಲ್ ಕಾರು ಹತ್ತಿ ಮೇಲೆ ಹೋಗುವ ಯೋಚನೆ ಮಾಡುತ್ತಾರೆ. ಬೇಡ ಅನ್ನೋಲ್ಲ. ಆದರೆ ನನಗೂ ನನ್ನ ಹೆಂಡತಿಗೂ ಇದ್ದ ಕುತೂಹಲ ಬೇರೆ. 3,300 ಮೀಟರಿಗೂ ಎತ್ತರದ, ಆಗಾಗ ಬೆಂಕಿ ಉಗುಳುವ ಬೆಟ್ಟ. ಅದರ ಬುಡದಲ್ಲೇ ಜನ ಸಾವಿರಾರು ವರ್ಷಗಳಿಂದ ಊರು ಕಟ್ಟಿಕೊಂಡು ಇದ್ದಾರಲ್ಲ, ಹೇಗೆ? ಅದಕ್ಕೇ ಬೆಟ್ಟ ಹತ್ತುವುದನ್ನು ಬಿಟ್ಟು ಸುತ್ತಲಿನ ಊರುಗಳನ್ನು ನೋಡಿಕೊಂಡು ಬಂದೆವು.

ಸುತ್ತೋದಕ್ಕೆ ಅಂತಲೇ ಒಂದು ಪುಟ್ಟ ರೈಲಿದೆ. ಹೆಸರು ಚಿರ್ಕುಮೆಟ್ನಿಯಾ. 1895ರಲ್ಲಿ ಮೊದಲ ಭಾಗ ಶುರುವಾಗಿ 1898ಕ್ಕೆ ಪೂರ್ತಿಯಾಯಿತು. ಹಳಿಗಳ ಅಗಲ 950 ಮಿಲಿಮೀಟರ್, ನಮ್ಮ ಮೀಟರ್ ಗೇಜಿಗಿಂತ ಒಂದು ಚೂರು ಕಡಿಮೆ. ಕತಾನಿಯಾ ನಗರದಿಂದ ಹೊರಟು ಪಶ್ಚಿಮ, ಉತ್ತರ, ಪೂರ್ವ ಹೀಗೆ ತಿರುಗಿ ಸಮುದ್ರದ ದಂಡೆಯ ರಿಪೋಸ್ತೊ ತಲುಪುತ್ತದೆ. ಸುಮಾರು 110 ಕಿಲೋಮೀಟರ್. ಬೆಟ್ಟ ಯಾವಾಗಲೂ ಬಲಗಡೆಗೇ ಇರುತ್ತದೆ, ಅಂದರೆ ಪಕ್ಕಾ ಪ್ರದಕ್ಷಿಣೆ! ಹಾಗಾಗಿ ಬಲಗಡೆ ಕಿಟಕಿ ಹಿಡಿಯಿರಿ. ಕತಾನಿಯಾ ಕಡೆ ಮೆಟ್ರೋ ಕೆಲಸ ನಡೆಯುತ್ತಿದೆ. ರೈಲಿನ ಬದಲು ಬಸ್ಸು ಬಿಡುವುದೂ ಉಂಟು. ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮುಖ್ಯ ವಿಷಯ. ಭಾನುವಾರ ಈ ರೈಲು ಓಡುವುದಿಲ್ಲ. ಆದರೆ ರಂದಾತ್ಸೊ ಊರಿನ ಸಂತೆ ನಡೆಯುವುದು ಭಾನುವಾರವೇ. ಅದಕ್ಕೆ ನಾವು ಶನಿವಾರ ಸಂಜೆಯೊಳಗೆ ರಂದಾತ್ಸೊ ಸೇರಿ, ಸೋಮವಾರ ಮುಂದಕ್ಕೆ ಹೊರಡುವ ಹಾಗೆ ಲೆಕ್ಕ ಹಾಕಿದೆವು. ಉಳಿದದ್ದನ್ನೆಲ್ಲ ಇದರ ಸುತ್ತ ಹೊಂದಿಸಿಕೊಂಡರೆ ಆಯಿತು.

ದಾರಿಯಲ್ಲಿ ಮೊದಲು ನೋಡುವಂಥ ಊರು ಪತೆರ್ನೊ. ಗುಡ್ಡದ ಮೇಲೆ ನಾರ್ಮನ್ನರು 1072ರಲ್ಲಿ ಕಟ್ಟಲು ಶುರುಮಾಡಿದ ಕೋಟೆ ಇದೆ. ಕೋಟೆಗಿಂತ ನನಗೆ ಇಷ್ಟವಾದದ್ದು ಈ ಊರಿನ ಒಂದು ಜಗಳದ ಕಥೆ. 1669ರಲ್ಲಿ ಲಾವಾ ಕತಾನಿಯಾ ಕಡೆ ಇಳಿದು ಬರುತ್ತಿತ್ತು. ಕತಾನಿಯಾದ ಒಂದಷ್ಟು ಜನ ಒದ್ದೆ ಚರ್ಮ ಹೊದ್ದು, ಕಬ್ಬಿಣದ ಸಲಾಕೆ ಹಿಡಿದು ಹೋಗಿ ಲಾವಾದ ಅಂಚು ಒಡೆದರು. ಲಾವಾ ತಿರುಗಿತು. ತಿರುಗಿದ್ದು ಪತೆರ್ನೊ ಕಡೆಗೆ! ಆ ಊರಿನವರು ಸುಮ್ನೆ ಇರುತ್ತಾರಾ? ನೂರಾರು ಜನ ಬಂದು ಅವರನ್ನು ಓಡಿಸಿದರು. ಲಾವಾ ಮತ್ತೆ ಹಳೆಯ ದಾರಿ ಹಿಡಿದು ಕತಾನಿಯಾ ಮುಟ್ಟಿತು. ಅಲ್ಲಿನ ಉರ್ಸೀನೊ ಕೋಟೆ ಮೊದಲು ಸಮುದ್ರಕ್ಕೆ ಹತ್ತಿಕೊಂಡೇ ಇತ್ತು. ಈಗ ಕೋಟೆಗೂ ನೀರಿಗೂ ನಡುವೆ ಆ ಲಾವಾ ಹರಡಿದ ನೆಲ ಇದೆ. ಈ ಸುತ್ತಾಟ ಶುರು ಮಾಡುವ ಮುಂಚೆ ಅದನ್ನು ನೋಡಿಕೊಂಡರೆ ಒಳ್ಳೆಯದು.

ಅದ್ರಾನೊದಲ್ಲೂ ಒಂದು ಕಪ್ಪು ಕೋಟೆ, ಅದರೊಳಗೆ ಮ್ಯೂಸಿಯಂ. ಸಮಯ ಕಡಿಮೆ ಇದ್ದರೆ ಬಿಡಬಹುದು.

ಬ್ರೊಂತೆ ಬಿಡಬಾರದು. ಪಿಸ್ತಾ ಊರು ಅಂತಲೇ ಇದಕ್ಕೆ ಹೆಸರು. ಲಾವಾ ಕಲ್ಲಿನ ಸಂದಿಯಿಂದಲೇ ಗಿಡಗಳು ಸೊಟ್ಟಸೊಟ್ಟಗೆ ಎದ್ದಿರುತ್ತವೆ. ಯಂತ್ರ ಹೋಗುವ ಜಾಗ ಅಲ್ಲ, ಎಲ್ಲ ಕೈಯಲ್ಲೇ ಕೊಯ್ಯಬೇಕು. ಪಿಸ್ತಾ ಕೊಳ್ಳುವಾಗ ಡಿ.ಒ.ಪಿ. ಗುರುತು ನೋಡಿ, ಅದು ಇದೇ ಪ್ರದೇಶದ ಬೆಳೆ ಅನ್ನೋದಕ್ಕೆ ಕೊಡುವ ಅಧಿಕೃತ ಗುರುತು. ಊರಿನ ಹೆಸರು ಹಾಕಿಕೊಂಡ ಕ್ರೀಮು, ಬಿಸ್ಕತ್ತುಗಳಲ್ಲೆಲ್ಲ ಈ ಊರಿನ ಪಿಸ್ತಾನೇ ಇರಬೇಕು ಅಂತೇನಿಲ್ಲ. ನಾವು ಕಾಲು ಕಿಲೋ ತೆಗೆದುಕೊಂಡೆವು. ರೇಟು ನೋಡಿದ ಮೇಲೆ ಅರ್ಧ ಕಿಲೋ ಕೇಳುವ ಧೈರ್ಯ ಬರಲಿಲ್ಲ.

ಈ ಊರಿಗೆ ಇನ್ನೊಂದು ಮುಖ ಇದೆ. 1799ರಲ್ಲಿ ನೇಪಲ್ಸಿನ ರಾಜ ತನಗೆ ಸಹಾಯ ಮಾಡಿದ ಇಂಗ್ಲಿಷ್ ನೌಕಾಪತಿ ನೆಲ್ಸನ್‌ಗೆ ಇಲ್ಲಿನ ಜಮೀನು, ಡ್ಯೂಕ್ ಪದವಿ ಎಲ್ಲ ಕೊಟ್ಟುಬಿಟ್ಟ. ನೆಲ್ಸನ್ ಒಂದು ಸಲವೂ ಈ ಕಡೆ ಬರಲಿಲ್ಲ. ಉಳುವವರು ಯಾರೋ, ಒಡೆಯ ಎಲ್ಲೋ! 1860ರಲ್ಲಿ ಇಟಲಿಯನ್ನು ಒಂದು ಮಾಡಲು ಹೊರಟ ಗ್ಯಾರಿಬಾಲ್ಡಿ ತನ್ನ ಸೇನೆಯೊಡನೆ ಸಿಸಿಲಿಗೆ ಬಂದಾಗ ಭೂಮಿ ತಮಗೆ ಸಿಗುತ್ತೆ ಅಂತ ರೈತರು ದಂಗೆ ಎದ್ದರು, ಕೊಲೆಗಳೂ ಆದವು. ಗ್ಯಾರಿಬಾಲ್ಡಿಯ ಸೇನಾಧಿಕಾರಿ ಬಿಕ್ಸಿಯೊ ಬಂದು, ಅವಸರದ ವಿಚಾರಣೆ ನಡೆಸಿ, ಐದು ಜನರನ್ನು ಗುಂಡಿಟ್ಟು ಕೊಲ್ಲಿಸಿದ. ಅದು ನಡೆದದ್ದು ಸಾನ್ ವೀತೊ ಚರ್ಚಿನ ಮುಂದಿನ ಅಂಗಳದಲ್ಲಿ. ಪಿಸ್ತಾ ಐಸ್‌ಕ್ರೀಂ ತಿಂದು ವಾಪಸ್ ಹೊರಡುವವರು ಅಲ್ಲಿಗೂ ಹೋಗಿ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ನೆಲ್ಸನ್ ವಂಶದವರು ಆ ಆಸ್ತಿಯನ್ನು ಊರಿನ ಆಡಳಿತಕ್ಕೆ ಮಾರಿದ್ದು 1981ರಲ್ಲಿ.

ರಂದಾತ್ಸೊದಲ್ಲಿ ಇಳಿದ ಕೂಡಲೇ ಹೆಂಡತಿ ಕೇಳಿದಳು, "ರೀ, ಇದೇನು ಊರೆಲ್ಲ ಕರ್ರಗೆ?" ಬೀದಿ, ಕಮಾನು, ಚರ್ಚು ಎಲ್ಲ ಲಾವಾ ಕಲ್ಲಿನದೇ. ನಮ್ಮ ವಿಜಯಪುರದ ಗೋಲ್ ಗುಂಬಜಿನ ಕಲ್ಲೂ ಲಾವಾದಿಂದಲೇ ಆದದ್ದು, ಆದರೆ ಅದು ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನದು. ಇಲ್ಲಿ ಕಲ್ಲು ಕೊಟ್ಟ ಬೆಟ್ಟ ಹದಿನೈದು ಕಿಲೋಮೀಟರ್ ದೂರದಲ್ಲಿ ಹೊಗೆಯಾಡುತ್ತಾ ಕೂತಿದೆ. ಹಿಂದೆ ಊರಿನಲ್ಲಿ ಲ್ಯಾಟಿನ್, ಗ್ರೀಕ್, ಲೊಂಬಾರ್ಡ್ ಹೀಗೆ ಮೂರು ಸಮುದಾಯಗಳಿದ್ದವು, ಒಂದೊಂದಕ್ಕೂ ಒಂದೊಂದು ಚರ್ಚು: ಸಾಂತಾ ಮಾರಿಯಾ, ಸಾನ್ ನಿಕೊಲಾ, ಸಾನ್ ಮಾರ್ತಿನೊ. ಜಗಳ ಬೇಡ ಅಂತ ದೊಡ್ಡ ಚರ್ಚಿನ ಪಟ್ಟ ಸರದಿ ಪ್ರಕಾರ ಸಿಗುತ್ತಿತ್ತು. ನನಗೆ ಮೂರರಲ್ಲಿ ಸಾನ್ ಮಾರ್ತಿನೊದ ಪಟ್ಟೆಪಟ್ಟೆ ಗಂಟೆಗೋಪುರವೇ ಹಿಡಿಸಿತು.

ಲಾವಾ ಈ ಊರನ್ನು ಮುಳುಗಿಸಿಲ್ಲ. ಹಾಳು ಮಾಡಿದ್ದು 1943ರ ಆಗಸ್ಟಿನ ಬಾಂಬುಗಳು. ಬೆಟ್ಟ ಹತ್ತಿರ ಬಂದದ್ದು 1981ರ ಮಾರ್ಚಿನಲ್ಲಿ. ಲಾವಾ ಊರಿನ ಪಕ್ಕದಲ್ಲೇ ಹಾದು, ರೈಲು ಹಳಿ ನುಂಗಿ, ಅಲ್ಕಾಂತರಾ ನದಿವರೆಗೂ ಹೋಯಿತು. ಸೋಮವಾರ ಬೆಳಿಗ್ಗೆ ನಮ್ಮ ರೈಲು ಹೋದದ್ದು ಅದೇ ಹೆಪ್ಪುಗಟ್ಟಿದ ಲಾವಾದ ಮೇಲೆ. ಮುಂದೆ ಲಿಂಗ್ವಾಗ್ಲೊಸ್ಸಾ, ದ್ರಾಕ್ಷಿ ತೋಟಗಳು, ಆಮೇಲೆ ಜಾರೆ. ಜಾರೆಯಿಂದ ಕತಾನಿಯಾಗೆ ಮಾಮೂಲಿ ರೈಲು ಸಿಗುತ್ತದೆ.

ಪೂರ್ವದ ಇಳಿಜಾರಿನ ಊರುಗಳಿಗೆ ಕಾರೇ ಸರಿ. ನಮ್ಮ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಪರ್ಮಿಟ್ ಇಟ್ಟುಕೊಳ್ಳಿ. ಝಡ್.ಟಿ.ಎಲ್. (ಹೊರಗಿನ ವಾಹನಗಳಿಗೆ ನಿರ್ಬಂಧ ಇರುವ ಪ್ರದೇಶ) ಅಂತ ಬೋರ್ಡು ಕಂಡರೆ ಒಳಗೆ ನುಗ್ಗಬೇಡಿ, ಕ್ಯಾಮೆರಾ ಇರುತ್ತೆ.

ಜಫೆರಾನಾದಲ್ಲಿ 1992ರ ಲಾವಾ ನಿಂತ ಜಾಗ ನೋಡಬಹುದು, ಊರಿನ ಅಂಚಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಈ ಸಲ ತಿರುಗಿಸುವ ಕೆಲಸಕ್ಕೆ ಸರ್ಕಾರವೇ ಇಳಿದಿತ್ತು. ಮಣ್ಣಿನ ಗೋಡೆ ಕಟ್ಟಿದರು, ಹೆಲಿಕಾಪ್ಟರಿನಿಂದ ಕಾಂಕ್ರೀಟ್ ದಿಮ್ಮಿ ಹಾಕಿದರು, ಕೊನೆಗೆ ಮೇ 27ರಂದು ಮೇಲ್ಗಡೆ ಸಿಡಿಮದ್ದು ಇಟ್ಟು ಲಾವಾವನ್ನು ಬೇರೆ ಕಾಲುವೆಗೆ ತಿರುಗಿಸಿದರು. ಅದು ಯಾರೂ ಇಲ್ಲದ ಕಣಿವೆ, ಪತೆರ್ನೊದ ಹಾಗೆ ಜಗಳಕ್ಕೆ ಬರುವವರು ಇರಲಿಲ್ಲ. 1792ರಲ್ಲೂ ಊರು ಹೀಗೇ ಉಳಿದಿತ್ತು, ಆಗ ಮೇರಿ ಮಾತೆಯ ಮೂರ್ತಿಯನ್ನು ಮೆರವಣಿಗೆಯಲ್ಲಿ ಒಯ್ದಿದ್ದರಂತೆ. ಈಗ ಲಾವಾ ನಿಂತ ಕಡೆಯಲ್ಲೂ ಒಂದು ಪುಟ್ಟ ಮಾತೆಯ ಗುಡಿ ಇದೆ.

ಮಾಸ್ಕಲಿಗೆ ಆ ಅದೃಷ್ಟ ಇರಲಿಲ್ಲ. 1928ರ ನವೆಂಬರಿನಲ್ಲಿ ಊರು ಹೆಚ್ಚೂಕಡಿಮೆ ಪೂರ್ತಿ ಮುಚ್ಚಿಹೋಯಿತು. ಲಾವಾ ನಿಧಾನಕ್ಕೆ ಬಂದದ್ದರಿಂದ ಜನ ಸಾಮಾನು ಹೊತ್ತು ಪಾರಾದರು. ಹೊಸ ಊರನ್ನು ಮುಸೊಲಿನಿ ಕಾಲದಲ್ಲಿ ಕಟ್ಟಿದರು. ಬೀದಿಗಳೆಲ್ಲ ಸ್ಕೇಲಿಟ್ಟು ಗೆರೆ ಎಳೆದಂತೆ ನೇರ. ನೋಡೋಕೆ ಅಂಥ ಚಂದ ಏನಿಲ್ಲ, ಆದರೆ ರಂದಾತ್ಸೊದ ಓಣಿಗಳನ್ನು ನೋಡಿ ಬಂದವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ.

ಊಟದ ಚಿಂತೆ ಬೇಡ. ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ ಕತಾನಿಯಾದ್ದೇ, ಎಲ್ಲ ಕಡೆ ಸಿಗುತ್ತೆ. ಉಳಿದ ತಿಂಡಿಗಳಲ್ಲಿ ಸಣ್ಣ ಮೀನು ಸೇರಿರಬಹುದು, "ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ" ಅಂತ ಹೇಳಿಬಿಡಿ. ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ, ಚರ್ಚು ಎರಡೂ ಬಾಗಿಲು ಹಾಕಿರುತ್ತವೆ. ಅದಕ್ಕೆ ನಾವು ಚರ್ಚುಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನವನ್ನು ಊಟಕ್ಕೂ ರೈಲಿಗೂ ಇಟ್ಟುಕೊಂಡೆವು. ಪಿಸ್ತಾ ಕೊಯ್ಲನ್ನೂ ನೋಡಬೇಕು ಅಂತಿದ್ದರೆ ಬೆಸ ವರ್ಷದ ಸೆಪ್ಟೆಂಬರಿನಲ್ಲಿ ಹೋಗಿ. ಬ್ರೊಂತೆಯಲ್ಲಿ ಕೊಯ್ಯುವುದು ವರ್ಷ ಬಿಟ್ಟು ವರ್ಷ.