ಎದೆ ಇರಿತದ ಚಾರ್ಟು, ತೊಂಬತ್ತು ರೂಪಾಯಿ ಸ್ಲೇಟು

ನನ್ನದು ಮೆಡಿಕಲ್ ಕೋಡಿಂಗ್ ಕೆಲಸ: ಅಮೆರಿಕದ ಪೇಷಂಟ್‌ಗಳ ಚಾರ್ಟ್ ಓದಿ, ಗಾಯಕ್ಕೂ ಚಿಕಿತ್ಸೆಗೂ ಬಿಲ್ಲಿನ ಕೋಡ್ ಹಾಕುವುದು. ಎದೆಗೆ ಚಾಕು ಹೊಕ್ಕ ಚಾರ್ಟ್ ಬಂದರೆ ನಾನು ಡಿಸ್ಚಾರ್ಜ್ ಸಮ್ಮರಿಯನ್ನು ಕೊನೆಗೆ ಓದುತ್ತೇನೆ. ಮೊದಲು ಪ್ರೊಸೀಜರ್ ನೋಟ್, ಆಮೇಲೆ ಸಿಟಿ ರಿಪೋರ್ಟ್, ಆಮೇಲೆ ಟ್ರಾಮಾ ಸರ್ಜನ್ ದಿನಾ ಬರೆದ ನೋಟ್‌ಗಳು, ಆಮೇಲೆ ಎಮರ್ಜೆನ್ಸಿ ನೋಟ್. ಇಷ್ಟೆಲ್ಲ ಆದ ಮೇಲೆ ಸಮ್ಮರಿ. ಇದನ್ನು ಹೇಳಿದಾಗ ನವಿ ಮುಂಬೈನ ಐರೋಲಿಯ ನಮ್ಮ ಆಫೀಸ್ ಫ್ಲೋರಿನಲ್ಲಿ ನಕ್ಕವರೇ ಜಾಸ್ತಿ. ಟಾರ್ಗೆಟ್ ಮುಟ್ಟೋದಿಲ್ಲ ಅಂದರು. ಈಗ ಟಾರ್ಗೆಟ್ಟೂ ಮುಟ್ಟುತ್ತಿದೆ, ಆಡಿಟ್ ಸ್ಕೋರ್ 97ರ ಆಸುಪಾಸು ನಿಂತಿದೆ. ನಕ್ಕವರಲ್ಲಿ ಅರ್ಧ ಜನ ಈಗ ಇದೇ ಕ್ರಮದಲ್ಲಿ ಓದುತ್ತಾರೆ.

ಎದೆಯ ತೆರೆದ ಗಾಯಗಳ ಕೋಡ್ ಗುಂಪು ಎಸ್21. ಅದರ ಬಗ್ಗೆ ಕೋಡಿಂಗ್ ಮಾಡುವ ನಿಮಗೆ ಪಾಠ ಬೇಡ. ತಲೆನೋವೆಲ್ಲ ನಾಲ್ಕನೇ ಅಂಕಿಯದ್ದು. ಎದೆಯ ಮುಂಭಾಗ, ಒಳಗೆ ಹೊಕ್ಕಿಲ್ಲ ಅಂದರೆ ಎಸ್21.1. ಹೊಕ್ಕಿದೆ ಅಂದರೆ ಎಸ್21.3. ಬೆನ್ನಿನ ಕಡೆಗೆ 2 ಮತ್ತು 4. ಆಡಿಟರ್ ಮೊದಲು ಕೈ ಇಡುವುದೇ ಅಲ್ಲಿ. ಎಮರ್ಜೆನ್ಸಿ ಡಾಕ್ಟರು ಗಾಯದ ಉದ್ದ ಬರೆಯುತ್ತಾರೆ, ಆಳ ಬರೆಯುವುದಿಲ್ಲ. ಅವರನ್ನು ಬೈದು ಉಪಯೋಗವಿಲ್ಲ. ಎದೆಯ ಗಾಯದೊಳಗೆ ಬೆರಳೋ ಪ್ರೋಬೋ ಹಾಕಿ ಆಳ ನೋಡಬಾರದು ಅಂತಲೇ ಅವರಿಗೆ ಕಲಿಸಿರುತ್ತಾರೆ. ಒಳಗೆ ಹೋಗಿತ್ತೋ ಇಲ್ಲವೋ ಅನ್ನುವುದು ಗೊತ್ತಾಗುವ ಹೊತ್ತಿಗೆ ಪೇಷಂಟ್ ಬೇರೆ ವಾರ್ಡಿನಲ್ಲಿ, ಬರೆಯುವ ಡಾಕ್ಟರೂ ಬೇರೆ.

ಯಾವ ನೋಟ್ ಏನು ಹೇಳುತ್ತದೆ ಅಂತ ಹೋಲಿಸೋಕೆ ನಾನು ಮೊದಲು ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದ್ದೆ. ಡ್ರಾಪ್‌ಡೌನ್ ಎಲ್ಲ ಇತ್ತು, ನೋಡೋಕೆ ಚೆಂದ. ತುಂಬೋಕೆ ಚಾರ್ಟ್ ಓದುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತಿತ್ತು. ಮ್ಯಾಕ್ರೋ ಸೇರಿಸಿದೆ, ಐಟಿಯವರು ಬ್ಲಾಕ್ ಮಾಡಿದರು. ಆಮೇಲೆ ಅನುಮಾನ ಬಂದ ಚಾರ್ಟಿಗೆಲ್ಲ ಕ್ವೆರಿ, ಅಂದರೆ ಡಾಕ್ಟರಿಗೆ ಲಿಖಿತ ಪ್ರಶ್ನೆ, ಹಾಕತೊಡಗಿದೆ. ಅಮೆರಿಕದ ಡಾಕ್ಟರಿಂದ ಉತ್ತರ ಬರೋಕೆ ಕೆಲವು ಸಲ ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಚಾರ್ಟ್ ಹೋಲ್ಡ್. ಹೋಲ್ಡ್ ಆದ ಚಾರ್ಟ್ ನಮ್ಮ ಇನ್ಸೆಂಟಿವ್ ಲೆಕ್ಕಕ್ಕೆ ಬರೋದಿಲ್ಲ. ತಿಂಗಳಿಗೆ ನಾಲ್ಕು ಸಾವಿರದಷ್ಟು ಹೋಯಿತು, ಅದೂ ಒಂದೆರಡು ತಿಂಗಳಲ್ಲ. ಕ್ಲೈಂಟ್ ಕಡೆಯಿಂದ ಮೇಲ್ ಬೇರೆ ಬಂತು: ಇಷ್ಟೊಂದು ಕ್ವೆರಿ ಯಾಕೆ ಅಂತ. ಮನೆ ಬಾಡಿಗೆ ಮಾತ್ರ ಹೋಲ್ಡ್ ಆಗಲ್ಲ ನೋಡಿ.

ಸ್ಲೇಟಿನ ಯೋಚನೆ ಬಂದದ್ದು ಆಗ. ನಮ್ಮ ಫ್ಲೋರಿನಲ್ಲಿ ಪೆನ್ನು, ಕಾಗದ, ಫೋನು ಯಾವುದೂ ಒಳಗೆ ಹೋಗುವಂತಿಲ್ಲ. ಥಾಣೆ ಸ್ಟೇಷನ್ ಹೊರಗೆ ಮಕ್ಕಳ ಬಿಳಿ ಸ್ಲೇಟು ತಗೊಂಡೆ, ಸುಮಾರು ತೊಂಬತ್ತು ರೂಪಾಯಿ. ಪೇಷಂಟ್ ಹೆಸರು, ನಂಬರು ಬರೆಯೋದಿಲ್ಲ, ಶಿಫ್ಟ್ ಮುಗಿದಾಗ ಒರೆಸಿ ಅಲ್ಲೇ ಇಟ್ಟು ಹೋಗುತ್ತೇನೆ ಅಂತ ಬರೆದುಕೊಟ್ಟು ಪರ್ಮಿಷನ್ ತಗೊಳ್ಳೋಕೆ ಸ್ಲೇಟ್ ಹುಡುಕಿದ್ದಕ್ಕಿಂತ ಜಾಸ್ತಿ ಅಲೆದೆ. ನಮ್ಮ ಟೀಮ್ ಲೀಡರ್ ಹುಬ್ಬಳ್ಳಿಯವರು. "ಏನ್ರೀ, ಸ್ಲೇಟ್ ಹಿಡಕೊಂಡ ಸಾಲಿಗೆ ಹೊಂಟೀರೇನು?" ಅಂದರು. "ಹೂಂ ಸರ್, ಆಡಿಟರ್ ಮೇಡಂ ಪರೀಕ್ಷೆ ಇಟ್ಟಾರಲ್ರೀ" ಅಂದೆ.

ಸ್ಲೇಟಿನ ಮೇಲೆ ಎರಡು ಎದೆ ಬರೆಯುತ್ತೇನೆ, ಒಂದು ಮುಂದಿನದು, ಒಂದು ಬೆನ್ನಿನದು. ಪ್ರತಿಯೊಂದು ನೋಟ್ ಗಾಯ ಎಲ್ಲಿದೆ ಅನ್ನುತ್ತದೋ ಅಲ್ಲಿ ಒಂದು ಚುಕ್ಕಿ. ಪಕ್ಕದಲ್ಲಿ ಯಾರು ಹೇಳಿದ್ದು ಅನ್ನುವುದಕ್ಕೆ ಒಂದಕ್ಷರ. ಒಳಗೆ ಹೋಗಿದೆ ಅಂತ ಬರೆದಿದ್ದರೆ ಚುಕ್ಕಿಯ ಸುತ್ತ ಒಂದು ಸುತ್ತು. ಚುಕ್ಕಿಗಳೆಲ್ಲ ಒಂದೇ ಕಡೆ ಬಿದ್ದು, ಡಾಕ್ಟರ ಚುಕ್ಕಿಗೆ ಸುತ್ತು ಬಿದ್ದರೆ ಕೋಡ್ ಹಾಕಿ ಮುಂದಕ್ಕೆ. ಚುಕ್ಕಿಗಳು ಜಗಳವಾಡಿದರೆ ಮಾತ್ರ ಕ್ವೆರಿ.

ಒಂದು ಚಾರ್ಟ್ ಹೇಳುತ್ತೇನೆ. ಎಮರ್ಜೆನ್ಸಿ ನೋಟ್: ಎಡ ಎದೆಗೆ ಮೂರು ಸೆಂಟಿಮೀಟರ್ ಇರಿತ, ಆಂಟೀರಿಯರ್ ಆಕ್ಸಿಲರಿ ಲೈನ್ (ಕಂಕುಳ ಮುಂಭಾಗದಿಂದ ಕೆಳಗಿಳಿಯುವ ಗೆರೆ) ಮೇಲೆ. ಸಿಟಿ: ಎಡಕ್ಕೆ ಸಣ್ಣ ಹೀಮೊನ್ಯುಮೊಥೊರಾಕ್ಸ್, ಅಂದರೆ ಶ್ವಾಸಕೋಶದ ಸುತ್ತ ರಕ್ತ ಮತ್ತು ಗಾಳಿ. ಪ್ರೊಸೀಜರ್ ನೋಟ್: 28 ಫ್ರೆಂಚ್ (ಟ್ಯೂಬಿನ ಸೈಜ್) ಟ್ಯೂಬ್ ಹಾಕಿದಾಗ ಗಾಳಿ ಬುಸ್ ಅಂತ ಬಂತು, ಮುನ್ನೂರು ಎಂಎಲ್‌ನಷ್ಟು ರಕ್ತ. ಡಿಸ್ಚಾರ್ಜ್ ಸಮ್ಮರಿ: ಚೆಸ್ಟ್ ವಾಲ್ ಲ್ಯಾಸರೇಷನ್ (ಎದೆಗೋಡೆ ಸೀಳಿದ ಗಾಯ), ಅಷ್ಟೇ! ಸಮ್ಮರಿಯಿಂದ ಶುರು ಮಾಡಿದವರು ಎಸ್21.1ಕ್ಕೆ ಹೋಗುತ್ತಾರೆ. ಟ್ಯೂಬ್ ನೋಡಿ "ಒಳಗೆ ಹೋಗಿರಲೇಬೇಕು" ಅಂತ ನಾವೇ ತೀರ್ಮಾನ ಮಾಡುವಂತೆಯೂ ಇಲ್ಲ. ಎರಡನೇ ದಿನ ಸರ್ಜನ್ ಬರೆದ ನೋಟ್‌ನ ಮೂರನೇ ಸಾಲಿನಲ್ಲಿ ಪ್ಲೂರಲ್ ವಯೊಲೇಷನ್ ಅಂತ ಇತ್ತು, ಅಂದರೆ ಶ್ವಾಸಕೋಶದ ಹೊದಿಕೆಯಾದ ಪ್ಲೂರಾ ತೂತಾಗಿತ್ತು. ಮುಗೀತು. ಮೊದಲು ಎದೆಯೊಳಗಿನ ಏಟುಗಳ ಗುಂಪಾದ ಎಸ್27ರಿಂದ ರಕ್ತ-ಗಾಳಿಗೆ ಎಸ್27.2ಎಕ್ಸ್ಎಕ್ಸ್ಎ, ಆಮೇಲೆ ಒಳಗೆ ಹೊಕ್ಕ ಎಡ ಎದೆಯ ಗಾಯಕ್ಕೆ ಎಸ್21.312ಎ, ಹಲ್ಲೆ ಮತ್ತು ಚಾಕು ಎರಡೂ ಬರೆದಿದ್ದರಿಂದ ಎಕ್ಸ್99.1ಎಕ್ಸ್ಎಕ್ಸ್ಎ. ಗಾಳಿಗೆ ಎಸ್27.0, ರಕ್ತಕ್ಕೆ ಎಸ್27.1 ಅಂತ ಬೇರೆ ಬೇರೆ ಹಾಕಿ ಬಿಲ್ ಉದ್ದ ಮಾಡುವವರನ್ನೂ ನೋಡಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ನ್ಯುಮೊಥೊರಾಕ್ಸ್ ಅಂತ ಟೈಪ್ ಮಾಡಿ, ಮೊದಲು ಕಂಡ ಜೆ93 ಒತ್ತಿದವರೂ ಇದ್ದಾರೆ. ಅದು ಏಟಿಲ್ಲದೆ ಆದದ್ದಕ್ಕೆ.

ಇರಿತವನ್ನು ಪಂಕ್ಚರ್ (ಚುಚ್ಚಿದ ಗಾಯ) ಅನ್ನಬೇಕೋ ಲ್ಯಾಸರೇಷನ್ ಅನ್ನಬೇಕೋ ಅನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಕೋಡ್ ಪುಸ್ತಕದ ಇಂಡೆಕ್ಸಿನಲ್ಲಿ ಸ್ಟ್ಯಾಬ್ (ಇರಿತ) ಹುಡುಕಿದರೆ ಲ್ಯಾಸರೇಷನ್ ಕಡೆ ಕಳಿಸುತ್ತದೆ. ಡಾಕ್ಟರು ಪಂಕ್ಚರ್ ಅಂತ ಬರೆದಿಲ್ಲದಿದ್ದರೆ ನಾನು ಅದನ್ನೇ ಹಿಡಿಯುತ್ತೇನೆ.

ಕ್ವೆರಿ ಹಾಕಲೇಬೇಕಾದಾಗ ಒಂದು ವಿಷಯ. "ಪ್ಲೂರಾ ತೂತಾಗಿದೆ ಅಲ್ವಾ?" ಅಂತ ಕೇಳುವಂತಿಲ್ಲ, ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ಯಾವ ದಿನದ ಯಾವ ರಿಪೋರ್ಟಿನಲ್ಲಿ ಏನಿದೆ ಅಂತ ಇಟ್ಟು, ಹೊಕ್ಕಿದೆ, ಹೊಕ್ಕಿಲ್ಲ, ಹೇಳಲಾಗದು ಅಂತ ಆಯ್ಕೆ ಕೊಡಬೇಕು. ಇಷ್ಟು ನಿಮಗೂ ಗೊತ್ತು. ನನ್ನ ಕ್ವೆರಿಗೆ ಎರಡು ದಿನದೊಳಗೆ ಉತ್ತರ ಬರುವ ಹಾಗೆ ಸಬ್ಜೆಕ್ಟ್ ಲೈನ್ ಹೇಗೆ ಬರೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ನರ್ಸಿಂಗ್ ನೋಟ್‌ನಲ್ಲಿ ನಾನು ಸರ್ಚ್ ಮಾಡುವ ಐದಾರು ಪದಗಳನ್ನೂ ಅಷ್ಟೇ. ಇನ್ಸೆಂಟಿವ್ ಕಷ್ಟಪಟ್ಟು ವಾಪಸ್ ಬಂದಿದೆ.

ಟ್ಯೂಬಿನ ಕಡೆ ಹೋಗಿ ಸ್ವಲ್ಪ ದಿನ ಬೇರೆ ಪ್ರಯೋಗ ಮಾಡಿದೆ. ಡಾಕ್ಟರು ಸುಮ್ನೆ ಚೆಸ್ಟ್ ಟ್ಯೂಬ್ ಅಂತ ಬರೆದರೆ ಎಲ್ಲರ ಕೈ 32551 ಅನ್ನುವ ಪ್ರೊಸೀಜರ್ ಕೋಡಿಗೆ ಹೋಗುತ್ತದೆ. ಅದು ಕೊಯ್ದು ಹಾಕಿದ ಟ್ಯೂಬಿಗೆ. ಗೈಡ್‌ವೈರ್ ಮೇಲೆ ಸಣ್ಣ ಪಿಗ್‌ಟೇಲ್ (ತುದಿ ಸುರುಳಿಯಾದ ತೆಳು ಟ್ಯೂಬ್) ಜಾರಿಸಿದ್ದರೆ 32556, ಇಮೇಜಿಂಗ್ ನೋಡಿಕೊಂಡು ಹಾಕಿದ್ದರೆ 32557. ಟ್ಯೂಬಿನ ಸೈಜ್ ನೋಡಿ ಅನುಮಾನ ಪಟ್ಟು ನೋಟ್ ಪೂರ್ತಿ ಓದುವ ಅಭ್ಯಾಸ ಅಲ್ಲಿಂದ ಬಂತು.

ಇನ್ನೊಂದು ಪ್ರಯೋಗ ಡೊಂಬಿವ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಡಾಕ್ಟರು ನಮ್ಮ ಕಡೆಯವರು, ಭಾನುವಾರ ರೆಕಾರ್ಡ್ ಸರಿ ಮಾಡಿಕೊಡು ಅಂದರು. ಅಲ್ಲಿ ಡಬ್ಲ್ಯೂಎಚ್ಓದ ರೋಗ ಕೋಡ್ ಪಟ್ಟಿ ಐಸಿಡಿ-10, ನಾವು ಆಫೀಸಿನಲ್ಲಿ ಬಳಸುವ ಅದರ ಅಮೆರಿಕನ್ ರೂಪವಲ್ಲ. ಅದರ ಎಸ್21ರಲ್ಲಿ ಒಳಗೆ ಹೊಕ್ಕಿದೆಯೋ ಇಲ್ಲವೋ ಅನ್ನುವ ಭೇದವೇ ಇಲ್ಲ. ಅದನ್ನು ಹೇಳಬೇಕಿದ್ದರೆ ಎಸ್27ಕ್ಕೆ ಐದನೇ ಅಂಕಿ ಸೇರಿಸಬಹುದು. ತಮಾಷೆ ಅಂದರೆ, ಕೋಡ್ ಒರಟಾದರೂ ಬರಹ ನಮ್ಮವರದ್ದೇ ಮೇಲು. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಪೇಪರಿನಲ್ಲಿ ಗಾಯದ ಉದ್ದ, ಅಗಲ, ಮೂರನೆಯದಾಗಿ ಕ್ಯಾವಿಟಿ ಡೀಪ್ (ಎದೆಗೂಡಿನ ಒಳಗಿನವರೆಗೆ ಆಳ) ಅಂತ ಬರೆದೇ ಇರುತ್ತದೆ. ಕೋರ್ಟಿಗೆ ಹೋಗುವ ಕಾಗದ ಅನ್ನುವ ಭಯ. ಆ ಸಾಲು ಅಮೆರಿಕದ ಚಾರ್ಟಿನಲ್ಲಿದ್ದರೆ ನನಗೆ ಸ್ಲೇಟೇ ಬೇಕಿರಲಿಲ್ಲ. ಸಂಬಳ ಅಂತ ಏನೂ ಸಿಗಲಿಲ್ಲ, ಊಟ ಮತ್ತು ರೈಲಿನ ಖರ್ಚು ಬಂತು.

ಈಗ ತಲೆ ತಿನ್ನುತ್ತಿರುವುದು ಗುಂಡೇಟು. ಎದೆಯಲ್ಲಿ ಹೊಕ್ಕು ಬೆನ್ನಲ್ಲಿ ಹೊರಬಂದರೆ ಮುಂದಿನದು ಒಂದು ಕೋಡು, ಹಿಂದಿನದು ಒಂದು. ಗುಂಡು ಒಳಗೇ ಉಳಿದರೆ ಐದನೇ ಅಂಕಿಯೇ ಬೇರೆ. ಮೊಲೆತೊಟ್ಟಿಗಿಂತ ಕೆಳಗೆ ಹೊಕ್ಕಿದ್ದರೆ ಡಯಾಫ್ರಮ್ ದಾಟಿ ಹೊಟ್ಟೆಗೂ ಹೋಗಿರಬಹುದು, ಆಗ ಹೊಟ್ಟೆಯ ಗಾಯಗಳ ಎಸ್31ನ್ನೂ ನೋಡಬೇಕು. ಒಂದೇ ಬಣ್ಣದ ಚುಕ್ಕಿಗಳಲ್ಲಿ ಹೊಕ್ಕದ್ದು ಯಾವುದು, ಹೊರಬಂದದ್ದು ಯಾವುದು ಗೊತ್ತಾಗುತ್ತಿಲ್ಲ. ಕೆಂಪು ಮಾರ್ಕರ್ ಒಂದಕ್ಕೆ ಅರ್ಜಿ ಹಾಕಿದ್ದೇನೆ. ಅಡ್ಮಿನ್‌ನವರು ಅದಕ್ಕೂ ಬೇರೆ ಫಾರ್ಮ್ ತುಂಬು ಅಂದಿದ್ದಾರೆ.